ಅಂಕವೂ ಅಂತರಂಗವೂ

“ನೀನು ಡಾಕ್ಟರಾಗಬೇಕೆಂದು ಬಯಸುವುದೇಕೆ?”

ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ದೂರದ ನೆಂಟರು ಕೇಳುತ್ತಾರೆ. ಅರಿಸಿನ ಕುಂಕುಮಕ್ಕೆ ಬಂದ ನೆರೆಮನೆಯಾಕೆ ಕೇಳುತ್ತಾಳೆ. ಸಂಜೆಯ ತಿರುಗಾಟಕ್ಕೆ ಹೊರಟ ನಿವೃತ್ತ ಹೆಡ್‌ಮಾಸ್ತರರು ನಡುಬೀದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಕೇಳದೆ ಇರುವುದು ವೈದ್ಯ ಕಾಲೇಜು ಒಂದೇ. ಅದಕ್ಕೆ ಬೇಕಾದುದು ನೀಟ್ ಪರೀಕ್ಷೆಯ ಅಂಕ, ಆ ಅಂಕದಿಂದ ಹುಟ್ಟಿದ ರ್‍ಯಾಂಕು, ತಕ್ಕ ಪ್ರಮಾಣಪತ್ರಗಳು, ಶುಲ್ಕದ ರಸೀದಿ. 2024ರಲ್ಲಿ ಈ ಪರೀಕ್ಷೆಗೆ ಕುಳಿತ ತರುಣ ತರುಣಿಯರು 23 ಲಕ್ಷಕ್ಕೂ ಮಿಕ್ಕಿದ್ದರು. ಅಷ್ಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಮನಸ್ಸಿನ ಮಾತನ್ನು ಕೇಳುವುದು ಯಾವ ಸರ್ಕಾರದ ಕೈಯಲ್ಲಿಯೂ ಆಗುವಂಥದಲ್ಲ. ಆದ್ದರಿಂದ 720 ಅಂಕಗಳ ತಕ್ಕಡಿಯೊಂದನ್ನೇ ನ್ಯಾಯದ ಸ್ಥಾನದಲ್ಲಿ ತೂಗುಹಾಕಿದೆ.

ಸಾಗರದಾಚೆಯ ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವೈದ್ಯ ಕಾಲೇಜಿಗೆ ಸೇರುವವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿಯ ಓದನ್ನು ಮುಗಿಸಿರುತ್ತಾರೆ. ಅರ್ಜಿ ಹಾಕುವ ಹೊತ್ತಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಆ ಅರ್ಜಿಯಲ್ಲಿ ಪರೀಕ್ಷೆಯ ಅಂಕಗಳ ಜೊತೆಗೆ, ನೆಂಟರು ಕೇಳುವ ಅದೇ ಹಳೆಯ ಪ್ರಶ್ನೆಯೂ ಇರುತ್ತದೆ: ವೈದ್ಯ ಕಾಲೇಜನ್ನು ಸೇರಲು ನೀವು ಬಯಸುವುದೇಕೆ? ಉತ್ತರಕ್ಕೆ ಕೊಟ್ಟಿರುವ ಜಾಗ 5300 ಅಕ್ಷರಗಳು. ಪದಗಳ ನಡುವಣ ತೆರಪನ್ನೂ ಅಲ್ಪವಿರಾಮವನ್ನೂ ಆ ಲೆಕ್ಕದಲ್ಲಿಯೇ ಹಿಡಿಯುತ್ತಾರೆ. ಇಪ್ಪತ್ತೆರಡು ವರ್ಷದ ಬದುಕನ್ನು ಒಂದೂವರೆ ಪುಟದಲ್ಲಿ ಹೇಳಿ ಮುಗಿಸಬೇಕು.

ಇದು ಪರದೇಶದ ಸಂಗತಿಯಾದರೂ ಕನ್ನಡದ ಮನೆಗಳಿಗೆ ತೀರ ದೂರದ್ದೇನಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಿಂದ ಹೋಗಿ ಅಲ್ಲಿ ನೆಲೆ ನಿಂತವರ ಮಕ್ಕಳು ವರ್ಷವರ್ಷವೂ ಈ ಅರ್ಜಿಯ ಮುಂದೆ ಪೆನ್ನು ಕಚ್ಚುತ್ತ ಕೂರುತ್ತಾರೆ. ಇಲ್ಲಿ ಅಜ್ಜಿ ರಾಘವೇಂದ್ರಸ್ವಾಮಿಗೆ ಹರಕೆ ಹೊರುತ್ತಾರೆ. ಅಲ್ಲಿ ಅಪ್ಪ ಲೆಕ್ಕದ ಹಾಳೆ ಹಿಡಿದು ಕುಳಿತಿರುತ್ತಾರೆ. ತಾವು ಓದಿದ ಕಾಲದಲ್ಲಿ ಅಂಕವೊಂದೇ ಮಾತನಾಡಿದ್ದನ್ನು ಕಂಡ ತಂದೆತಾಯಿಗಳಿಗೆ, ಅಂಕದ ಪಕ್ಕದಲ್ಲಿ ಪ್ರಬಂಧವನ್ನೂ ಇಟ್ಟು ನೋಡುವ ಈ ಪದ್ಧತಿ ಒಗಟಿನಂತೆ ತೋರುವುದು ಸಹಜ. ಒಗಟನ್ನು ತುಸು ಬಿಡಿಸಿ ನೋಡುವುದು ಒಳ್ಳೆಯದು. ಏಕೆಂದರೆ ತಪ್ಪಾಗಿ ಬಿಡಿಸಿಕೊಂಡವರ ಮಕ್ಕಳು ವರ್ಷಗಳನ್ನೇ ಕಳೆದುಕೊಳ್ಳುವುದುಂಟು.

ಮೊದಲು ಅಂಕದ ವಿಚಾರ. ಅಲ್ಲಿನ ಪ್ರವೇಶ ಪರೀಕ್ಷೆಯ ಹೆಸರು ಎಂಕ್ಯಾಟ್. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1920ರ ದಶಕದಲ್ಲಿ ಅಮೆರಿಕದ ವೈದ್ಯ ಕಾಲೇಜುಗಳಿಗೆ ಸೇರಿದವರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹೋಗುವವರ ಪ್ರಮಾಣ ಒಂದು ಕಾಲೇಜಿನಲ್ಲಿ ನೂರಕ್ಕೆ 5 ಇದ್ದರೆ ಮತ್ತೊಂದರಲ್ಲಿ 50 ಇತ್ತು. ಸೇರಿದವರಲ್ಲಿ ಅರ್ಧದಷ್ಟು ಜನ ಬಿಟ್ಟು ಹೋಗುವುದೆಂದರೆ ಹಣ, ಕಾಲ, ಆಸೆ ಎಲ್ಲವೂ ನೀರುಪಾಲು. ಇದನ್ನು ತಡೆಯಲು ಫ್ರೆಡ್ ಮಾಸ್ ಎಂಬ ಮನಶ್ಶಾಸ್ತ್ರಜ್ಞರ ಮುಂದಾಳುತನದಲ್ಲಿ 1928ರಲ್ಲಿ ಒಂದು ಪರೀಕ್ಷೆಯನ್ನು ಸಿದ್ಧಪಡಿಸಿದರು. ಓದನ್ನು ತಾಳಿಕೊಳ್ಳಬಲ್ಲವರು ಯಾರೆಂದು ಮುಂಚೆಯೇ ತಿಳಿಯುವುದಷ್ಟೇ ಅದರ ಉದ್ದೇಶ. ಒಳ್ಳೆಯ ವೈದ್ಯನನ್ನು ಆರಿಸಿಕೊಡುವೆನೆಂದು ಆ ಪರೀಕ್ಷೆ ಎಂದೂ ಭಾಷೆ ಕೊಟ್ಟಿರಲಿಲ್ಲ. ಇಂದಿಗೂ ಕೊಟ್ಟಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ಗೊಂದಲದಲ್ಲಿ ಅರ್ಧ ತಾನಾಗಿ ತಿಳಿಯಾಗುತ್ತದೆ.

1948ರಿಂದ ಈಗಿನ ಹೆಸರನ್ನು ಹೊತ್ತ ಆ ಪರೀಕ್ಷೆ ಹಲವು ವೇಷಗಳನ್ನು ಹಾಕಿದೆ. ಒಂದು ಕಾಲಕ್ಕೆ ಅದರಲ್ಲಿ ಸಾಮಾನ್ಯಜ್ಞಾನದ ಭಾಗವಿತ್ತು. 1977ರಲ್ಲಿ ಅದು ಹೋಯಿತು. 1991ರಲ್ಲಿ ಪರೀಕ್ಷೆಯ ಕೋಣೆಯಲ್ಲಿಯೇ ಎರಡು ಕಿರುಪ್ರಬಂಧಗಳನ್ನು ಬರೆಸುವ ಏರ್ಪಾಡು ಬಂದಿತು; ಪ್ರವೇಶ ಸಮಿತಿಗಳು ಆ ಭಾಗದ ಫಲಿತಾಂಶವನ್ನು ಅಷ್ಟಾಗಿ ಬಳಸುತ್ತಿಲ್ಲವೆಂದು ಕಂಡುಬಂದು 2013ರಲ್ಲಿ ಅದೂ ಹೋಯಿತು. ಗಡಿಯಾರ ನೋಡುತ್ತ ಅಪರಿಚಿತ ವಿಷಯದ ಮೇಲೆ ಬರೆದ ಪ್ರಬಂಧಕ್ಕಿಂತ, ವಾರಗಟ್ಟಲೆ ಯೋಚಿಸಿ ತನ್ನನ್ನೇ ಕುರಿತು ಬರೆದ ಪ್ರಬಂಧ ಸಮಿತಿಗಳಿಗೆ ಹೆಚ್ಚು ಬೇಕಾಯಿತೆನ್ನಬಹುದು.

2015ರಿಂದ ನಡೆಯುತ್ತಿರುವ ಈಗಿನ ರೂಪದಲ್ಲಿ ನಾಲ್ಕು ಭಾಗಗಳು, 230 ಪ್ರಶ್ನೆಗಳು. ಬಿಡುವಿನ ವೇಳೆಯೂ ಸೇರಿ ಸುಮಾರು ಏಳೂವರೆ ಗಂಟೆಗಳ ತಪಸ್ಸು. ಜೀವಶಾಸ್ತ್ರ ಒಂದು, ರಸಾಯನ ಭೌತಶಾಸ್ತ್ರಗಳದು ಒಂದು, ಮನಶ್ಶಾಸ್ತ್ರ ಸಮಾಜಶಾಸ್ತ್ರಗಳದು ಒಂದು. ನಾಲ್ಕನೆಯದು ವಾಚಕರಿಗೆ ಅಚ್ಚರಿಯೆನಿಸೀತು: ಅದರಲ್ಲಿ ವಿಜ್ಞಾನದ ಸುಳಿವೇ ಇಲ್ಲ. ಕಲೆ, ಇತಿಹಾಸ, ತತ್ತ್ವಶಾಸ್ತ್ರ ಮೊದಲಾದವುಗಳ ಗದ್ಯಖಂಡವನ್ನು ಕೊಟ್ಟು, ಬರೆದವನು ಏನು ಹೇಳಿದ್ದಾನೆ, ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ಕೇಳುತ್ತಾರೆ. ರೋಗಿಯ ಮಾತನ್ನು ಕೇಳುವವನಿಗೂ ಈ ವಿದ್ಯೆ ಬೇಕಾದುದೇ ಅಲ್ಲವೆ?

ಅಂಕ ಕೊಡುವ ಕ್ರಮವಂತೂ ಇನ್ನೂ ವಿಲಕ್ಷಣ. ಪ್ರತಿ ಭಾಗಕ್ಕೂ ಕನಿಷ್ಠ 118, ಗರಿಷ್ಠ 132. ಒಟ್ಟು ಸೇರಿದರೆ ಕನಿಷ್ಠ 472, ಗರಿಷ್ಠ 528, ನಡುಮಧ್ಯೆ 500. ಈ ಲೆಕ್ಕವನ್ನು ಕೇಳಿದ ನಮ್ಮವರ ಮನೆಯಲ್ಲಿ ನಡೆಯಬಹುದಾದ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ.

“ಎಷ್ಟು ಬಂತಮ್ಮ?”

“509, ಅಪ್ಪ.”

“528ಕ್ಕೆ 509 ಅಂದರೆ ನೂರಕ್ಕೆ 96! ಸೀಟು ಸಿಕ್ಕಿದ ಹಾಗೆಯೇ.”

“ಇಲ್ಲಪ್ಪ, ಅದು ಹಾಗಲ್ಲ. ತೀರ ಕಡಿಮೆ ಬಂದವರಿಗೂ 472 ಇರುತ್ತೆ.”

“ಏನು, ಸೊನ್ನೆಗೆ 472 ಕೊಡ್ತಾರೆಯೆ? ಇದೆಂಥ ಧರ್ಮಛತ್ರ!”

ಧರ್ಮಛತ್ರವೂ ಅಲ್ಲ, ನೂರಕ್ಕೆ ಇಷ್ಟೆಂಬ ಲೆಕ್ಕವೂ ಅಲ್ಲ. ಈ ಅಂಕ ತಿಳಿಸುವುದು ಪರೀಕ್ಷೆಗೆ ಕುಳಿತವರ ಸಾಲಿನಲ್ಲಿ ಒಬ್ಬ ಅಭ್ಯರ್ಥಿ ಎಲ್ಲಿ ನಿಂತಿದ್ದಾನೆಂಬುದನ್ನು ಮಾತ್ರ. 500 ಬಂದವನು ಹೆಚ್ಚುಕಡಿಮೆ ಸಾಲಿನ ನಡುವೆ ಇದ್ದಾನೆ; 515 ಬಂದವನ ಹಿಂದೆ ನೂರರಲ್ಲಿ ಸುಮಾರು 90 ಜನ ಇದ್ದಾರೆ. ಈಚಿನ ವರ್ಷಗಳಲ್ಲಿ ಪ್ರವೇಶ ಪಡೆದವರ ಸರಾಸರಿ 511, 512ರ ಆಸುಪಾಸಿನಲ್ಲಿದೆ. ಇನ್ನೊಂದು ಸಂಗತಿಯನ್ನು ಪರೀಕ್ಷೆ ನಡೆಸುವ ಅಮೆರಿಕದ ವೈದ್ಯ ಕಾಲೇಜುಗಳ ಸಂಘವೇ ಅಂಕಪಟ್ಟಿಯಲ್ಲಿ ಒಪ್ಪಿಕೊಳ್ಳುತ್ತದೆ: ಒಟ್ಟು ಅಂಕ ಎರಡು ಈಚೆಗೋ ಎರಡು ಆಚೆಗೋ ಇರಬಹುದು. 509 ಎಂದರೆ 507ರಿಂದ 511ರ ವರೆಗಿನ ಒಂದು ಪಟ್ಟಿ. ಕಲ್ಲಿನ ಮೇಲೆ ಕೊರೆದ ಗೆರೆಯಲ್ಲ. ಮಕ್ಕಳ ಭವಿಷ್ಯವನ್ನು ಒಂದೊಂದು ಅಂಕಕ್ಕೂ ನೇತುಹಾಕಿ ಎಣಿಸುವ ತಂದೆತಾಯಿಗಳು ಈ ಒಪ್ಪಿಗೆಯ ಮಾತನ್ನು ಓದಿಕೊಳ್ಳುವುದು ಮನಸ್ಸಿನ ಆರೋಗ್ಯಕ್ಕೆ ಹಿತ.

ಇನ್ನು ಅಂಕವನ್ನು ಅರ್ಜಿಯಲ್ಲಿ ಮಂಡಿಸುವ ಬಗೆ. ಇಲ್ಲಿ ಜಾಣತನಕ್ಕೆ ಎಡೆಯೇ ಇಲ್ಲ. ಎರಡು ಬಾರಿ ಪರೀಕ್ಷೆಗೆ ಕುಳಿತು, ಚೆನ್ನಾಗಿ ಬಂದ ಅಂಕವನ್ನು ಮುಂದೆ ಹಿಡಿದು, ಕೆಟ್ಟದ್ದನ್ನು ಮಡಿಲಲ್ಲಿ ಅಡಗಿಸಿಕೊಳ್ಳುವಂತಿಲ್ಲ. ಕಾಲೇಜುಗಳ ಸಂಘದ ಅರ್ಜಿ ವ್ಯವಸ್ಥೆಯ ಮೂಲಕ ಹೋದ ಅರ್ಜಿಯ ಜೊತೆ ಅಭ್ಯರ್ಥಿಯ ಹಿಂದಿನ ಎಂಕ್ಯಾಟ್ ಅಂಕಗಳೆಲ್ಲವೂ ತಾವಾಗಿ ಹೊರಡುತ್ತವೆ. ಪದವಿಯ ಅಂಕಗಳೂ ಹಾಗೆಯೇ: ಎರಡನೆಯ ಸಲ ಓದಿ ತೇರ್ಗಡೆಯಾದ ವಿಷಯದಲ್ಲಿ ಮೊದಲ ಸಲದ ಸೋಲೂ ಲೆಕ್ಕಕ್ಕೆ ಸೇರುತ್ತದೆ. ಪರೀಕ್ಷೆಗೆ ಎಷ್ಟು ಬಾರಿ ಬೇಕಾದರೂ ಕೂರುವಂತಿಲ್ಲ: ಒಂದು ವರ್ಷದಲ್ಲಿ ಮೂರು, ಎರಡು ವರ್ಷಗಳಲ್ಲಿ ನಾಲ್ಕು, ಜನ್ಮಕ್ಕೆ ಏಳು. ಪರೀಕ್ಷೆ ಮುಗಿದ ಕೂಡಲೆ, ಫಲಿತಾಂಶ ಬರುವ ಮುನ್ನವೇ, “ಈ ಪರೀಕ್ಷೆ ರದ್ದಾಗಲಿ” ಎಂದು ಕೇಳಿಕೊಳ್ಳುವ ಅವಕಾಶವುಂಟು. ಆಗ ಅಂಕ ಬರುವುದಿಲ್ಲ, ಆದರೆ ಆ ಬಾರಿಯ ಲೆಕ್ಕ ಏಳರಲ್ಲಿ ಕಳೆದುಹೋಗುತ್ತದೆ.

ಒಂದಕ್ಕಿಂತ ಹೆಚ್ಚು ಅಂಕಪಟ್ಟಿಗಳಿದ್ದಾಗ ಕಾಲೇಜುಗಳ ನೋಟವೂ ಒಂದೇ ತೆರನಾಗಿಲ್ಲ. ಕೆಲವು ಕಡೆ ಕೊನೆಯದನ್ನು ನೋಡುತ್ತಾರೆ, ಕೆಲವು ಕಡೆ ಹೆಚ್ಚಿನದನ್ನು, ಮತ್ತೆ ಕೆಲವು ಕಡೆ ಸರಾಸರಿಯನ್ನು. ಬಹಳ ಹಳೆಯ ಅಂಕವನ್ನು ಒಪ್ಪುವುದಿಲ್ಲ; ಎರಡು ಮೂರು ವರ್ಷ ಮೀರಿದರೆ ಹೆಚ್ಚಿನ ಕಾಲೇಜುಗಳಿಗೆ ಅದು ಸಲ್ಲದ ನಾಣ್ಯ. ಇವನ್ನೆಲ್ಲ ಆಯಾ ಕಾಲೇಜೇ ತಿಳಿಸಿರುತ್ತದೆ. ಅರ್ಜಿ ಹಾಕುವ ಮುನ್ನ ಓದಿಕೊಂಡರೆ ಸಾಕು.

ಹಾಗಾದರೆ ಕಡಿಮೆ ಅಂಕ ಬಂದವನು ಅದನ್ನು ಕುರಿತು ಏನೆಂದು ಬರೆಯಬೇಕು? ಮುಖ್ಯ ಪ್ರಬಂಧದಲ್ಲಿ ಏನನ್ನೂ ಬರೆಯದಿರುವುದೇ ವಾಸಿ. ತಾನೇಕೆ ವೈದ್ಯನಾಗಬೇಕೆಂದು ಹೇಳಲು ಇರುವ ಅಲ್ಪ ಜಾಗವನ್ನು ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿದ್ದೇಕೆಂದು ಹೇಳುವುದಕ್ಕೆ ವ್ಯಯ ಮಾಡುವುದು ಮದುವೆಯ ಕರೆಯೋಲೆಯಲ್ಲಿ ಸಾಲದ ವಿವರ ಅಚ್ಚುಹಾಕಿಸಿದಂತೆ. ಮುಂದಿನ ಸುತ್ತಿನಲ್ಲಿ ಅನೇಕ ಕಾಲೇಜುಗಳು “ಇನ್ನೇನಾದರೂ ತಿಳಿಸುವುದಿದೆಯೆ?” ಎಂದು ಕೇಳುತ್ತವೆ. ನಿಜವಾದ ಕಾರಣವಿದ್ದರೆ ಅದನ್ನು ಅಲ್ಲಿ ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಬಹುದು: ಏನಾಯಿತು, ಅನಂತರ ತಾನು ಏನು ಮಾಡಿದೆ, ಈಗ ಹೇಗಿದೆ. ತಾಯಿಯ ಕಾಯಿಲೆಯ ವರ್ಷದಲ್ಲಿ ಅಂಕ ಇಳಿಯಿತು, ಮರುವರ್ಷ ಏರಿತು ಎಂದರೆ ಓದುವವರಿಗೆ ಅರ್ಥವಾಗುತ್ತದೆ. ಪರೀಕ್ಷೆಯ ಕೋಣೆ ತಣ್ಣಗಿತ್ತು, ಪಕ್ಕದವನು ಕೆಮ್ಮುತ್ತಿದ್ದ ಎಂಬ ದೂರುಗಳನ್ನು ಬರೆದರೆ ಅದೂ ಅರ್ಥವಾಗುತ್ತದೆ, ಆದರೆ ಬೇರೆ ಬಗೆಯಲ್ಲಿ. ಕಾಲೇಜಿನಲ್ಲಿ ಶಿಸ್ತಿನ ಕ್ರಮಕ್ಕೆ ಒಳಗಾಗಿದ್ದೀರಾ ಎಂಬ ಪ್ರಶ್ನೆಯೂ ಅರ್ಜಿಯಲ್ಲಿದೆ. ಅಂಕಪಟ್ಟಿಯಲ್ಲಿ ಅದರ ಗುರುತಿಲ್ಲದಿದ್ದರೂ ಉತ್ತರಿಸಲೇಬೇಕು. ಹತ್ತೊಂಬತ್ತನೆಯ ವಯಸ್ಸಿನ ಒಂದು ತಪ್ಪನ್ನು ಕ್ಷಮಿಸುವವರಿದ್ದಾರೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟದ್ದನ್ನು ಕ್ಷಮಿಸುವವರು ವಿರಳ. ನಾಳೆ ಔಷಧಿಯ ಪ್ರಮಾಣ ತಪ್ಪಿದಾಗ ಇವನು ಒಪ್ಪಿಕೊಂಡಾನೆಯೆ ಎಂಬ ಸಂಶಯಕ್ಕೆ ಅಲ್ಲಿಯೇ ಬೀಜ ಬೀಳುತ್ತದೆ.

ಅಂಕದ ವಿಷಯದಲ್ಲಿ ಮಾಡುವುದೇನೂ ಉಳಿಯದೆ ಹೋದಾಗ ಉಳಿಯುವುದು ಬರವಣಿಗೆ. ಅಲ್ಲಿಯೇ ನಮ್ಮ ಮಕ್ಕಳು ಎಡವುವುದು ಹೆಚ್ಚು.

5300 ಅಕ್ಷರಗಳ ಪ್ರಬಂಧದ ಜೊತೆಗೆ, ತಾನು ಮಾಡಿದ ಕೆಲಸ, ಸೇವೆ, ಸಂಶೋಧನೆಗಳನ್ನು ಹೆಚ್ಚೆಂದರೆ 15 ಬಾಬುಗಳಲ್ಲಿ ಪಟ್ಟಿಮಾಡಬೇಕು. ಒಂದೊಂದಕ್ಕೂ 700 ಅಕ್ಷರ. ಅವುಗಳಲ್ಲಿ ಮನಸ್ಸಿಗೆ ಹತ್ತಿರವಾದ ಮೂರನ್ನು ಆರಿಸಿಕೊಂಡರೆ ಅವಕ್ಕೆ ಇನ್ನೂ 1325 ಅಕ್ಷರಗಳ ರಿಯಾಯಿತಿ. ಎಷ್ಟು ಗಂಟೆ ಕೆಲಸ ಮಾಡಿದಿರಿ, ಅದನ್ನು ಬಲ್ಲವರು ಯಾರು ಎಂದೂ ಕೇಳುತ್ತಾರೆ. ಇದು ಮುಗಿಯಿತೆನ್ನುವಷ್ಟರಲ್ಲಿ ಒಂದೊಂದು ಕಾಲೇಜಿನಿಂದಲೂ ಎರಡನೆಯ ಸುತ್ತಿನ ಪ್ರಶ್ನೆಗಳು ಬರತೊಡಗುತ್ತವೆ: ನಮ್ಮ ಕಾಲೇಜೇ ಏಕೆ? ನೀವು ಸೋತ ಸಂದರ್ಭ ಯಾವುದು? ನಿಮಗಿಂತ ಭಿನ್ನರಾದವರೊಡನೆ ಹೇಗೆ ನಡೆದುಕೊಂಡಿರಿ? ಇಪ್ಪತ್ತು ಕಾಲೇಜುಗಳಿಗೆ ಅರ್ಜಿ ಹಾಕಿದವನಿಗೆ ಬೇಸಿಗೆಯೆಲ್ಲ ಬರೆಯುವುದೇ ಕೆಲಸ. ಎರಡು ವಾರದೊಳಗೆ ಉತ್ತರ ಕಳುಹಿಸುವುದು ಲೇಸೆಂದು ಬಲ್ಲವರು ಹೇಳುತ್ತಾರೆ. ಏಕೆಂದರೆ ಅನೇಕ ಕಡೆ ಅರ್ಜಿಗಳನ್ನು ಬಂದ ಹಾಗೆ ಓದಿ ಸ್ಥಾನಗಳನ್ನು ತುಂಬುತ್ತ ಹೋಗುತ್ತಾರೆ. ಆತುರದಲ್ಲಿ ಒಂದು ಕಾಲೇಜಿನ ಹೊಗಳಿಕೆಯನ್ನು ಹೆಸರು ಸಹಿತ ಮತ್ತೊಂದು ಕಾಲೇಜಿಗೆ ಕಳುಹಿಸಿ ಹಣೆ ಚಚ್ಚಿಕೊಂಡವರೂ ಉಂಟು.

ಸೋಲನ್ನು ಕುರಿತ ಪ್ರಶ್ನೆಗೆ ಹಲವರು ಬರೆಯುವ ಉತ್ತರ ತಮಾಷೆಯಾಗಿರುತ್ತದೆ. “ಅತಿಯಾಗಿ ದುಡಿಯುವುದೇ ನನ್ನ ದೋಷ” ಎಂಬ ವಾಕ್ಯ ದೋಷದ ವೇಷ ಹಾಕಿಕೊಂಡ ಆತ್ಮಪ್ರಶಂಸೆ. ಸಾವಿರಾರು ಅರ್ಜಿಗಳನ್ನು ಓದಿದ ಪ್ರಾಧ್ಯಾಪಕರಿಗೆ ಅದರ ಬಣ್ಣ ತಿಳಿಯದೆ? ಕೆಲವರು ಪ್ರಬಂಧವನ್ನು ಬಿರುದಾವಳಿಯಾಗಿ ಬರೆಯುತ್ತಾರೆ. ಪಟ್ಟಿಯಲ್ಲಿ ಇದ್ದುದನ್ನೇ ವಾಕ್ಯಗಳಾಗಿ ಬಿಡಿಸಿಡುತ್ತಾರೆ. ಮತ್ತೆ ಕೆಲವರು “ಬಾಲ್ಯದಿಂದಲೂ ಜನಸೇವೆಯೇ ನನ್ನ ಹಂಬಲ” ಎಂದು ತೊಡಗುತ್ತಾರೆ. ಮಾತು ಸುಳ್ಳೆಂದಲ್ಲ. ಆದರೆ ಆ ವಾಕ್ಯದ ಕೆಳಗೆ ಯಾರ ಹೆಸರನ್ನು ಬರೆದರೂ ಸಲ್ಲುತ್ತದೆ. ಯಾರ ಹೆಸರಿಗೂ ಒಪ್ಪುವ ವಾಕ್ಯ ಯಾರದೂ ಅಲ್ಲ.

ಉತ್ತರ ಹೇಗಿರಬೇಕೆಂಬುದಕ್ಕೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಅಮೆರಿಕದ ಒಂದೂರಿನಲ್ಲಿ ಕನ್ನಡದ ಮನೆ. ಊರಿನಿಂದ ಬಂದ ಅಜ್ಜಿಗೆ ಮೈ ಸರಿಯಿಲ್ಲ. ತಂದೆತಾಯಿ ಕೆಲಸಕ್ಕೆ ಹೋಗಿದ್ದಾರೆ. ಕಾಲೇಜಿನಲ್ಲಿ ಓದುವ ಮೊಮ್ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಡಾಕ್ಟರು ಏನಾಗುತ್ತಿದೆಯೆಂದು ಕೇಳುತ್ತಾರೆ. “ಎದೇಲಿ ಏನೋ ಸಂಕಟ ಕಣೆ, ಪುಟ್ಟಿ” ಎನ್ನುತ್ತಾರೆ ಅಜ್ಜಿ. ಹುಡುಗಿ ಬಾಯಿ ತೆರೆದು ನಿಲ್ಲುತ್ತಾಳೆ. ಸಂಕಟವೆಂದರೆ ನೋವೆ? ಓಕರಿಕೆಯೆ? ಉಸಿರು ಕಟ್ಟಿದಂತಾಗುವುದೆ? ಅಥವಾ ತಾತ ತೀರಿಕೊಂಡ ಮೇಲೆ ಅಜ್ಜಿಯನ್ನು ಬಿಡದ ದುಃಖವೆ? ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಪದ, ಇಂಗ್ಲಿಷಿಗೆ ಹೊರಳಿಸುವಾಗ ನಾಲ್ಕು ರೋಗಗಳಾಗಿ ಒಡೆಯುತ್ತದೆ. ಹುಡುಗಿ ಆರಿಸುವ ಒಂದು ಪದದಿಂದ ಮುಂದಿನ ಪರೀಕ್ಷೆಗಳೆಲ್ಲ ಬೇರೆಯಾಗಬಹುದು. ಮನೆಯ ಮಕ್ಕಳನ್ನು ಹೀಗೆ ದುಭಾಷಿಗಳಾಗಿ ನಿಲ್ಲಿಸುವುದು ಸಲ್ಲದೆಂದು ಅಮೆರಿಕದ ಕೇಂದ್ರ ಸರ್ಕಾರ 2016ರಲ್ಲಿಯೇ ಆಸ್ಪತ್ರೆಗಳಿಗೆ ಕಟ್ಟುಪಾಡುಗಳನ್ನು ವಿಧಿಸಿದೆ. ತರಬೇತಾದ ದುಭಾಷಿಯನ್ನು ಒದಗಿಸುವುದು ಆಸ್ಪತ್ರೆಯ ಹೊಣೆ. ಆದರೂ ಪರಭಾಷೆಯ ಮನೆಗಳಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಈ ಅನುಭವ ಹೊಸತಲ್ಲ.

ಈ ಹುಡುಗಿ ಪ್ರಬಂಧ ಬರೆಯಲು ಕುಳಿತಾಗ ಆ ದಿನವನ್ನು ಬರೆಯುವುದಿಲ್ಲ. ಅದು ಮನೆಯ ಸಾಮಾನ್ಯ ಸಂಗತಿ, ಅದರಲ್ಲೇನು ಹೆಚ್ಚುಗಾರಿಕೆ ಎಂದು ತಳ್ಳಿಹಾಕುತ್ತಾಳೆ. ಅದರ ಬದಲು ಪರದೇಶದ ಶಿಬಿರದಲ್ಲಿ ಕಳೆದ ಹತ್ತು ದಿನಗಳನ್ನು ಕುರಿತು ಬರೆದು, ಬಡತನವನ್ನು ಕಂಡು ಕಣ್ಣೀರು ಬಂದಿತೆನ್ನುತ್ತಾಳೆ. ಸಮಿತಿಗೆ ಬೇಕಾಗಿದ್ದುದು ಮಾತ್ರ ಆ ಬೆಪ್ಪಾಗಿ ನಿಂತ ಗಳಿಗೆ. ರೋಗಿಯ ಮಾತಿಗೂ ವೈದ್ಯನ ಕಿವಿಗೂ ನಡುವೆ ಎಷ್ಟು ದೂರವಿದೆಯೆಂದು ಆಕೆ ಸ್ವತಃ ನಿಂತು ಅಳೆದಿದ್ದಾಳೆ. ಅನಂತರ ಆಕೆ ಏನು ಮಾಡಿದಳು, ದುಭಾಷಿಯ ತರಬೇತಿ ಪಡೆದಳೆ, ಸ್ಥಳೀಯ ಚಿಕಿತ್ಸಾಲಯಕ್ಕೆ ಹೋಗತೊಡಗಿದಳೆ ಎಂಬುದನ್ನು ಹೇಳಿದರೆ, ವೈದ್ಯಳಾಗಬೇಕೆಂಬ ಆಸೆ ತಾನಾಗಿ ಕಾಣುತ್ತದೆ. “ಜನಸೇವೆ” ಎಂಬ ಪದದ ಹಂಗೇ ಬೇಕಿಲ್ಲ. ಅಂಕವನ್ನು ಅಡಗಿಸಲಾಗದು, ಅನುಭವವನ್ನು ಕಡ ತರಲಾಗದು. ಅರ್ಜಿಯ ನಿಯಮಗಳೆಲ್ಲ ಕೊನೆಗೆ ಈ ಎರಡು ಮಾತುಗಳಲ್ಲಿ ಅಡಗಿವೆ.

ಹೀಗೆಂದು ಪ್ರಬಂಧವೇ ಸೀಟು ತಂದುಕೊಡುವುದೆಂದು ಭ್ರಮಿಸಬಾರದು. ಕೆಲವು ಕಾಲೇಜುಗಳು ಅಂಕಗಳನ್ನು ನೋಡಿ ಮೊದಲ ಜರಡಿ ಹಿಡಿಯುತ್ತವೆ. ಅಲ್ಲಿ ಬಿದ್ದುಹೋದ ಅರ್ಜಿಯ ಪ್ರಬಂಧವನ್ನು ಓದುವವರಿಲ್ಲದೆ ಹೋಗಬಹುದು. 520 ಬಂದವನೂ ಟೊಳ್ಳು ಪ್ರಬಂಧ ಬರೆದು ಬರಿಗೈಯಲ್ಲಿ ಮರಳುವುದುಂಟು. ಈತ ಓದನ್ನು ತಾಳಿಕೊಳ್ಳುತ್ತಾನೆಯೆ ಎಂಬುದಕ್ಕೆ ಅಂಕ ಉತ್ತರ. ಈತನ ಕೈಗೆ ರೋಗಿಯನ್ನು ಒಪ್ಪಿಸಬಹುದೆ ಎಂಬುದಕ್ಕೆ ಬರವಣಿಗೆಯೂ, ಅದನ್ನು ನಂಬಿ ಕರೆದ ಸಂದರ್ಶನವೂ ಉತ್ತರ. ಒಂದರ ಪ್ರಶ್ನೆಗೆ ಮತ್ತೊಂದು ಉತ್ತರವಾಗಲಾರದು.

ಈ ಪದ್ಧತಿಗೆ ಅಲ್ಲಿಯೂ ಆಕ್ಷೇಪಣೆಗಳಿಲ್ಲದಿಲ್ಲ. ಮನುಷ್ಯನ ಅಂತರಂಗವನ್ನು ಅಳೆಯುವವರು ಯಾರು, ಯಾವ ಕೋಲಿನಿಂದ ಎಂಬ ಜಗಳ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ವೈದ್ಯ ಕಾಲೇಜು 1973ರಲ್ಲಿ ಅಲನ್ ಬಾಕಿ ಎಂಬಾತನ ಅರ್ಜಿಯನ್ನು ತಿರಸ್ಕರಿಸಿತು. ಆ ಕಾಲೇಜು ಅಭ್ಯರ್ಥಿಯ ಅಂಕ, ಸಂದರ್ಶನ, ಶಿಫಾರಸು ಪತ್ರ, ಇತರ ಚಟುವಟಿಕೆ ಎಲ್ಲವನ್ನೂ ಕೂಡಿಸಿ 500ಕ್ಕೆ ಇಷ್ಟೆಂದು ತೂಕ ಹಾಕುತ್ತಿತ್ತು. ಬಾಕಿಗೆ 468 ಬಂದಿತ್ತು. ಅಲ್ಲಿ 100 ಸ್ಥಾನಗಳಲ್ಲಿ 16ನ್ನು ಅಲ್ಪಸಂಖ್ಯಾತರಿಗೆಂದು ತೆಗೆದಿರಿಸಿದ್ದನ್ನು ಆತ ಪ್ರಶ್ನಿಸಿದ. 1978ರಲ್ಲಿ ನ್ಯಾಯಾಲಯ ಅಂಥ ಕಟ್ಟುನಿಟ್ಟಾದ ಸಂಖ್ಯೆ ಸಲ್ಲದೆಂದಿತು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಬಹುದೆಂದಿತು. 2023ರ ಜೂನ್ ತಿಂಗಳಲ್ಲಿ ಅದೇ ನ್ಯಾಯಾಲಯ ಆ ಬಾಗಿಲನ್ನೂ ಮುಚ್ಚಿತು. ಆದರೆ ಒಂದು ಕಿಟಕಿಯನ್ನು ತೆರೆದಿರಿಸಿತು: ಜನಾಂಗ ತನ್ನ ಬಾಳನ್ನು ಹೇಗೆ ರೂಪಿಸಿತೆಂದು ಅಭ್ಯರ್ಥಿ ತಾನೇ ಬರೆದರೆ, ಅದರಿಂದ ವ್ಯಕ್ತವಾಗುವ ಧೈರ್ಯವನ್ನೋ ಸಾಮರ್ಥ್ಯವನ್ನೋ ಕಾಲೇಜು ಗಮನಿಸಬಹುದು. ಹೀಗೆ ಪ್ರಬಂಧದ ಮೇಲಿನ ಭಾರ ಮೊದಲಿಗಿಂತ ಹೆಚ್ಚಾಗಿದೆ.

ಅಂತರಂಗವನ್ನು ತೂಗುವ ಈ ಪ್ರಯೋಗ ಅಮೆರಿಕದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ನಮ್ಮ ಮೈಸೂರು ರಾಜ್ಯವೂ ಒಮ್ಮೆ ಅದನ್ನು ಮಾಡಿ ನೋಡಿತ್ತು. 1960ರ ದಶಕದ ಆದಿಯಲ್ಲಿ ಇಲ್ಲಿನ ಇಂಜಿನಿಯರಿಂಗ್ ಮತ್ತು ವೈದ್ಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಟ್ಟಿದ್ದರು. ಸಾಮಾನ್ಯಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್.ಸಿ.ಸಿ., ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವೆಲ್ಲಕ್ಕೂ ಅಂಕವುಂಟು. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೂ ಜನರ ಮನಸ್ಸಿನಲ್ಲಿ ಒಂದು ಭಯ ಉಳಿದೇ ಇತ್ತು. ಅದರ ಹೆಸರು ವಶೀಲಿ. ಬಲ್ಲವರ ಮಗನಿಗೆ ವ್ಯಕ್ತಿತ್ವದ ಅಂಕ ಸುಲಭವಾಗಿ ಬಂದೀತೆಂಬ ಶಂಕೆ ಇರುವಲ್ಲಿ, ಕುರುಡು ಅಂಕವೇ ಬಡವನ ಬಂಧು. 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಾಗ ಮಧ್ಯಮವರ್ಗದ ಮನೆಗಳು ನೆಮ್ಮದಿಯ ಉಸಿರು ಬಿಟ್ಟದ್ದು ಸುಳ್ಳಲ್ಲ.

ಅಮೆರಿಕದ ಬರವಣಿಗೆಯ ಪದ್ಧತಿಗೂ ಅದರದೇ ವಶೀಲಿಯುಂಟು. ಅಲ್ಲಿ ಅದಕ್ಕೆ ಸಲಹೆಗಾರರೆಂದು ಹೆಸರು. ಹಣ ಪಡೆದು ಪ್ರಬಂಧವನ್ನು ಸಾಣೆ ಹಿಡಿದು ಕೊಡುವ ಸಂಸ್ಥೆಗಳಿವೆ. ಈಚೆಗೆ ಕೇಳಿದ್ದನ್ನೆಲ್ಲ ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳೂ ಬಂದಿವೆ. ಕಾಲೇಜುಗಳ ಸಂಘ ಇದನ್ನು ಕಾಣದೆ ಕುಳಿತಿಲ್ಲ. ಯೋಚನೆಗೆ, ತಿದ್ದುಪಡಿಗೆ ಹಿರಿಯರ ಅಥವಾ ಯಂತ್ರದ ನೆರವು ಪಡೆಯಬಹುದು, ಆದರೆ ಕೊನೆಯ ಬರಹ ತನ್ನದೇ ಕೃತಿ, ತನ್ನದೇ ಅನುಭವ ಎಂದು ಅಭ್ಯರ್ಥಿ ಅರ್ಜಿಯಲ್ಲಿ ಪ್ರಮಾಣೀಕರಿಸಬೇಕು. ಯಂತ್ರಕ್ಕೆ ವ್ಯಾಕರಣ ಗೊತ್ತು. ಅಜ್ಜಿಯ ಸಂಕಟ ಗೊತ್ತಿಲ್ಲ. ಸಂದರ್ಶನದ ಕೋಣೆಯಲ್ಲಿ “ಆ ದಿನ ನಿನಗೇನೆನಿಸಿತು?” ಎಂದು ಕೇಳಿದಾಗ ಕಡದ ಪ್ರಬಂಧ ಕೈಕೊಡುತ್ತದೆ.

ಮಕ್ಕಳ ಒಳಿತನ್ನೇ ಬಯಸುವ ತಂದೆತಾಯಿಗಳಿಂದಲೂ ಅಪಾಯವುಂಟು. ಮಗನ ಪ್ರಬಂಧವನ್ನು ತಂದೆ ತಿದ್ದುತ್ತಾರೆ, ತಾಯಿ ತಿದ್ದುತ್ತಾರೆ, ಡಾಕ್ಟರಾದ ಚಿಕ್ಕಪ್ಪ ತಿದ್ದುತ್ತಾರೆ. ಸೋಲಿನ ಮಾತು ಬೇಡವೆಂದು ಒಬ್ಬರು, ಮನೆಯ ಕಷ್ಟವನ್ನು ಹೊರಗೆ ಹೇಳಬಾರದೆಂದು ಇನ್ನೊಬ್ಬರು. ಹತ್ತು ಕೈ ಸೇರಿ ತಿದ್ದಿದ ಮೇಲೆ ಪ್ರಬಂಧದಲ್ಲಿ ತಪ್ಪೂ ಉಳಿಯುವುದಿಲ್ಲ, ಹುಡುಗನೂ ಉಳಿಯುವುದಿಲ್ಲ. ಹಿರಿಯರು ಮಾಡಬಹುದಾದ ಉಪಕಾರ ಬೇರೆಯಿದೆ. ಓದಿ ನೋಡಿ, “ಇಲ್ಲಿ ನೀನು ಕಾಣುತ್ತೀಯೆ, ಇಲ್ಲಿ ಕಾಣುತ್ತಿಲ್ಲ” ಎಂದಷ್ಟೇ ಹೇಳಿ ಸುಮ್ಮನಾಗುವುದು. ಹಾಗೆ ಸುಮ್ಮನಿರುವುದು ತಿದ್ದುವುದಕ್ಕಿಂತ ಕಷ್ಟದ ಕೆಲಸವೆಂಬುದನ್ನು ಮಕ್ಕಳಿರುವವರೆಲ್ಲ ಬಲ್ಲರು.

ಇದರ ಜೊತೆಗೆ ಒಂದು ಕಹಿಸತ್ಯವನ್ನೂ ಮನೆಯವರು ಮುಂಚಿತವಾಗಿ ನುಂಗಿಟ್ಟುಕೊಳ್ಳಬೇಕು. 2023ರ ಸಾಲಿಗೆ ಕಾಲೇಜುಗಳ ಸಂಘದ ವ್ಯವಸ್ಥೆಯಲ್ಲಿ ಅರ್ಜಿ ಹಾಕಿದವರು 52 ಸಾವಿರಕ್ಕೂ ಹೆಚ್ಚು. ಸೇರಿದವರು ಸುಮಾರು 23 ಸಾವಿರ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಂದ ಉತ್ತರ “ಇಲ್ಲ” ಎಂಬುದೇ. ಅವರಲ್ಲಿ ಅಂಕವಿದ್ದವರೂ ಇದ್ದರು, ಅಂತಃಕರಣವಿದ್ದವರೂ ಇದ್ದರು. ಮತ್ತೆ ಅರ್ಜಿ ಹಾಕುವವರನ್ನು ಅನೇಕ ಕಾಲೇಜುಗಳು ಕೇಳುವ ಪ್ರಶ್ನೆ ಒಂದೇ: ಕಳೆದ ಬಾರಿಯಿಂದ ಈಚೆಗೆ ನಿಮ್ಮಲ್ಲಿ ಆದ ಬದಲಾವಣೆಯೇನು? ಮೊದಲ ಸಲ ಬೇರೆಯವರ ಮಾತಿನಲ್ಲಿ ಉತ್ತರ ಬರೆದವನಿಗೆ ಎರಡನೆಯ ಸಲ ಹೇಳಲು ಏನೂ ಇರುವುದಿಲ್ಲ. ತನ್ನ ಮಾತಿನಲ್ಲಿ ಬರೆದವನಿಗೆ ಮುಂದುವರಿಸಲು ಒಂದು ಎಳೆಯಾದರೂ ಇರುತ್ತದೆ. ಕೆಲವರಿಗೆ ಬರೆಯುತ್ತ ಬರೆಯುತ್ತ, ಡಾಕ್ಟರಾಗಬೇಕೆಂಬುದು ತಮ್ಮ ಆಸೆಯಲ್ಲ, ತಂದೆಯ ಆಸೆ ಎಂದು ಹೊಳೆಯುವುದೂ ಉಂಟು. ಅಂಥವರು ಆ ಹಾಳೆಯನ್ನು ಮಡಿಸಿಟ್ಟು ಬೇರೆ ದಾರಿ ಹಿಡಿದರೆ ಅದನ್ನು ಸೋಲೆನ್ನುವಂತಿಲ್ಲ. ತನಗೆ ಬೇಡದ ಕೆಲಸವನ್ನು ನಲವತ್ತು ವರ್ಷ ಮಾಡುವ ವೈದ್ಯನ ಮುಂದೆ ಕೂರಬೇಕಾಗಿದ್ದ ರೋಗಿಗಳ ಲೆಕ್ಕದಲ್ಲಿ ಅದು ಪುಣ್ಯವೇ ಸರಿ.

ಅಮೆರಿಕದ ಅರ್ಜಿ ನಮ್ಮ ದೇಶಕ್ಕೆ ಬರಬೇಕಾಗಿಲ್ಲ. ಲಕ್ಷಗಟ್ಟಲೆ ಪ್ರಬಂಧಗಳನ್ನು ನ್ಯಾಯವಾಗಿ ಓದುವ ಕಣ್ಣುಗಳು ಇಲ್ಲಿಲ್ಲ. ಆದರೆ ಅದರಲ್ಲಿರುವ ಒಂದು ಪ್ರಶ್ನೆಗೆ ಸಮಿತಿಯೂ ಬೇಡ, ಶುಲ್ಕವೂ ಬೇಡ. ನೀಟ್ ಪರೀಕ್ಷೆಯ ಪುಸ್ತಕಗಳನ್ನು ಮನೆಗೆ ತರುವ ಮುನ್ನ, ಒಂದು ಭಾನುವಾರ ಮಧ್ಯಾಹ್ನ, ಮಗನ ಅಥವಾ ಮಗಳ ಕೈಗೆ ಒಂದು ಬಿಳಿಯ ಹಾಳೆ ಕೊಟ್ಟು ಕೇಳಬಹುದು. ಉತ್ತರ ಬರೆದು ಮುಗಿಸುವ ವರೆಗೆ ಹಿರಿಯರು ಆ ಕೋಣೆಗೆ ಹೋಗಬಾರದು.